ಪಕ್ಕದ ಸೀಟಿನ ಬ್ರೇಕು

"ಅಲ್ಲಿ ಬ್ರೇಕ್ ಇಲ್ಲ ಅಪ್ಪಾ! ಎಷ್ಟು ತುಳಿದ್ರೂ ಇಲ್ಲ! ಅದು ಬರೀ ತಗಡು. ಸುಮ್ನೆ ಕಾಲು ಹಿಂದಕ್ಕೆ ಇಟ್ಕೊಳ್ಳಿ."

"ನಾನೆಲ್ಲಿ ತುಳಿದೆ?"

"ಈಗ ತಾನೇ ತುಳಿದ್ರಿ. ಬಸ್ಸಿನ ಹತ್ರ ತುಳಿದ್ರಿ. ಆ ಮುದುಕಿ ದಾಟುವಾಗ ತುಳಿದ್ರಿ. ಕೆಳಗಿನ ಮ್ಯಾಟು ಮುದುಡಿ ಮೂಲೆ ಸೇರಿದೆ, ಬಗ್ಗಿ ನೋಡ್ಕೊಳ್ಳಿ."

"ಬಸ್ಸಿನ ಬಾಲಕ್ಕೆ ಮೂಗು ತಾಗಿಸ್ಕೊಂಡು ಹೋದ್ರೆ ಇನ್ನೇನು ಮಾಡ್ಲಿ? ಹಾಡು ಹೇಳ್ತಾ ಕೂತ್ಕೊಳ್ಳಲಾ?"

"ಹೇಳಿ. ಅದೇ ಎಷ್ಟೋ ವಾಸಿ."

"ಯಾವ ಕತ್ತೆ ಕಲಿಸಿದ್ದು ನಿಂಗೆ, ಹೀಗೆ ಓಡಿಸೋದು?"

ಮಗಳು ಕ್ಲಚ್ ಒತ್ತಿದಳು. ಗೇರು ಇಳಿಸಿದಳು. ನಿದ್ದೆ ಹೋದ ಮಗುವಿನ ಕೈಯಿಂದ ಆಟಿಕೆ ತೆಗೆದಿಡುವಷ್ಟು ಮೆತ್ತಗೆ ಇಳಿಸಿದಳು. ಅದು ಅಪ್ಪನ, ಅಂದರೆ ಡ್ರೈವಿಂಗ್ ಕಲಿಸುತ್ತಿದ್ದ ಮೇಷ್ಟ್ರ ಕಣ್ಣಿಗೆ ಬಿತ್ತು, ಬಿದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಹಾರ್ನ್ ಮಾಮ," ಅಂದಳು.

"ಯಾರು?"

"ಕೇಳಿಸ್ತಲ್ಲ."

ಕೇಳಿಸಿತ್ತು. ಹಾರ್ನ್ ಅಂತ ಹೆಸರಿಟ್ಟವರೇ ಮೇಷ್ಟ್ರು. ಒಂದು ಕಾಲಕ್ಕೆ ಅವರ ಡ್ರೈವಿಂಗ್ ಸ್ಕೂಲಿನಲ್ಲಿ ಸಹಾಯಕನಾಗಿದ್ದವನು, ಖಾಲಿ ರಸ್ತೆಯಲ್ಲೂ ಪುಕ್ಕಲುತನಕ್ಕೆ ಪೀಂ ಪೀಂ ಮಾಡಿಕೊಂಡೇ ಹೋಗುತ್ತಿದ್ದ. ಒಂದು ದಿನ ಜಗಳವಾಡಿ ಬಿಟ್ಟುಹೋಗಿ ಮಾರ್ಕೆಟ್ಟಿನ ಆಚೆ ಬದಿಗೆ ತನ್ನದೇ ಸ್ಕೂಲು ತೆರೆದ. ಮೇಷ್ಟ್ರ ಹತ್ತಿರ ಬೈಸಿಕೊಂಡು ಅತ್ತವರೆಲ್ಲ ಕಣ್ಣೊರೆಸಿಕೊಂಡು ಅಲ್ಲಿಗೆ ಹೋದರು, ಕಲಿತರು. ಕೊನೆಕೊನೆಗೆ ಅಳುವವರು ಕೂಡ ಇತ್ತ ಬರುವುದು ಬಿಟ್ಟು ನೇರವಾಗಿ ಅವನ ಹತ್ತಿರವೇ ಹೋದರು. ಆ ಮನುಷ್ಯನ ಪಕ್ಕದಲ್ಲಿ ತನ್ನ ಮಗಳು ಕೂತು, ಅವನು ಹೇಳಿದ್ದಕ್ಕೆ ಹೂಂ ಹೂಂ ಅಂದು, ಸ್ಟೇರಿಂಗ್ ತಿರುಗಿಸಿದ ಚಿತ್ರ ಮೇಷ್ಟ್ರ ಕಣ್ಣ ಮುಂದೆ ಬಂತು.

"ನಿಮ್ಮಮ್ಮನಿಗೆ ಗೊತ್ತಿತ್ತಾ?"

"ಫೀಸು ಕಟ್ಟಿದ್ದೇ ಅಮ್ಮ."

"ಭೇಷ್."

"ಹಾರ್ನ್ ಮಾಮ ಹೇಗೆ ಕಲಿಸ್ತಾರೆ ಗೊತ್ತಾ ಅಪ್ಪಾ? ಎರಡೂ ಕಾಲು ಸೀಟಿನ ಮೇಲೆ ಮಡಚಿ ಇಟ್ಕೊಂಡು, ಚಕ್ಕಳಮಕ್ಕಳ ಹಾಕಿ ಕೂತ್ಬಿಡ್ತಾರೆ. ಪೇಪರ್ ಓದ್ತಾರೆ. ಮೊದಲ ದಿನ ಎದೆ ಬಾಯಿಗೆ ಬಂತು ನಂಗೆ. ಇವರು ನನ್ನನ್ನ ಉಳಿಸಲ್ಲ ಅಂತ ಗೊತ್ತಾಯ್ತು. ಆಮೇಲೆ ನಾನೇ ಬ್ರೇಕ್ ಹಾಕ್ದೆ."

"ಅವನಿಗೆ ತಲೆ ನೆಟ್ಟಗಿಲ್ಲ."

"ಇರಬಹುದು. ನಂಗೆ ಬಂತಲ್ಲ."

ಮುಂದೆ ಸಿಗ್ನಲ್ಲು ಕೆಂಪಾಯಿತು. ಅವಳು ನಿಲ್ಲಿಸುವ ಮೊದಲೇ ಮೇಷ್ಟ್ರ ಬಲಗಾಲು ತಗಡನ್ನು ಒತ್ತಿ ಆಗಿತ್ತು. ಇಬ್ಬರೂ ಅದನ್ನು ನೋಡಿದರು. ಆ ಕಾಲನ್ನು ಏನು ಮಾಡುವುದು? ಅದು ಮೇಷ್ಟ್ರ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಸ್ಕೂಲಿನ ಗಾಡಿಯಲ್ಲಿ ಕಲಿಸುವವನ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದಾಗ ತುಳಿಯಲಿಕ್ಕೆ. ಅದರ ಮೇಲೆ ಕಾಲಿಟ್ಟುಕೊಂಡೇ ಮೇಷ್ಟ್ರು ಆಯುಷ್ಯ ಕಳೆದಿದ್ದರು. ಊರಿನ ಅರ್ಧ ಜನ ಅವರ ಕಾಲಿನಿಂದ ಬದುಕಿ ಉಳಿದವರು ಎಂದು ಅವರ ನಂಬಿಕೆ. ಜನ ಮಾತ್ರ ಬೆನ್ನ ಹಿಂದೆ ಬ್ರೇಕ್ ಮೇಷ್ಟ್ರು ಅನ್ನುತ್ತಿದ್ದರು. ಬಸ್ಸಿನಲ್ಲಿ ಕೂತರೂ ಎದುರಿನ ಸೀಟಿನ ಕಂಬಿಯನ್ನು ಒದೆಯುವುದು, ಹರ್ನಿಯಾ ಆಪರೇಷನ್ನಿಗೆ ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗುವಾಗ ತಿರುವಿನಲ್ಲಿ ಕಾಲು ಝಾಡಿಸಿ ನರ್ಸನ್ನು ಬೆಚ್ಚಿಬೀಳಿಸಿದ್ದು. ನಿದ್ದೆಯಲ್ಲೂ ಬಿಡಲಿಲ್ಲ. "ಏನ್ರೀ, ನನ್ನ ಮೊಣಕಾಲೇನು ಬ್ರೇಕಾ? ಯಾರನ್ನ ಉಳಿಸ್ತಿದೀರಿ ಈ ಹೊತ್ತಲ್ಲಿ?" ಎಂದು ಹೆಂಡತಿ ಗೋಡೆಯ ಕಡೆಗೆ ಸರಿದು ಮಲಗುತ್ತಿದ್ದಳು. ಅದೇ ಹೆಂಡತಿ ಗುಟ್ಟಾಗಿ ಹಾರ್ನಿಗೆ ಫೀಸು ಕಟ್ಟಿದ್ದಾಳೆ. ಊಟಕ್ಕೆ ಬಡಿಸುವಾಗ ಮುಖದಲ್ಲಿ ಒಂದು ಗೆರೆ ಕೂಡ ಬದಲಾಗಿರಲಿಲ್ಲ.

ಮಗಳು ಗಾಡಿ ಓಡಿಸುತ್ತಾಳೆ ಎಂದು ಮೇಷ್ಟ್ರಿಗೆ ಗೊತ್ತಾದದ್ದು ಮೊನ್ನೆ ಮೊನ್ನೆ. ಬಸ್ ಸ್ಟಾಪಿನಲ್ಲಿ ಛತ್ರಿ ಹಿಡಿದು ನಿಂತಿದ್ದರು. ರಕ್ತ ಪರೀಕ್ಷೆಯ ಲ್ಯಾಬಿನ ಹೆಸರು ಬರೆದ ಸಣ್ಣ ಬಿಳಿ ಕಾರೊಂದು ಬಂತು. ಓಡಿಸುವವಳು ಕೂತ ರೀತಿ ಚೆನ್ನಾಗಿದೆ, ಬೆನ್ನು ನೆಟ್ಟಗಿದೆ, ಕೈ ಸಡಿಲವಾಗಿದೆ ಎಂದುಕೊಂಡರು. ಅದು ಅವರ ಕಸುಬಿನ ಕಣ್ಣು, ಮುಖಕ್ಕಿಂತ ಮೊದಲು ಕೈ ನೋಡುತ್ತದೆ. ಮುಖ ನೋಡುವಷ್ಟರಲ್ಲಿ ಕಾರು ದಾಟಿ ಹೋಗಿತ್ತು. ತಮ್ಮ ಮಗಳು ಅಂತ ಹೊಳೆದಾಗ ಸುತ್ತ ನಿಂತಿದ್ದವರ ಕಡೆ ತಿರುಗಿ ಏನೋ ಹೇಳಬೇಕು ಅನ್ನಿಸಿ ಬಾಯಿ ತೆರೆದರು. ಯಾರೂ ಅವರತ್ತ ನೋಡುತ್ತಿರಲಿಲ್ಲ. ಸಿಟ್ಟು ಆಮೇಲೆ ಬಂದದ್ದು; ಮೊದಲು ಬಂದದ್ದು ಸಂತೋಷ. ಆ ಸಂತೋಷದ ಹಿಂದೆಯೇ, ಸತ್ತೇ ಹೋಯಿತು ಅಂದುಕೊಂಡಿದ್ದ ಹಳೆಯ ಆಸೆಯೊಂದು ಎದ್ದು ಕೂತಿತು. ಹಾಗಾದರೆ ಸ್ಕೂಲು ನಡೆಸಬಹುದಲ್ಲ ಇವಳು! ಅವಳು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದ ಆಸೆ ಅದು. ಅವತ್ತೇ ಹೋಗಿ, ಮುಚ್ಚಿಬಿದ್ದಿದ್ದ ಸ್ಕೂಲಿನ ಶೆಡ್ಡಿನ ಬೀಗ ತೆಗೆದು ಗುಡಿಸಿದರು. ಜೇಡರ ಬಲೆ ತೆಗೆದರು. ಕೆಮ್ಮು ಹತ್ತಿಸಿಕೊಂಡು ಮನೆಗೆ ಬಂದು, ಎಲ್ಲಿ ಹೋಗಿದ್ರಿ ಅಂದರೆ, ಸುಮ್ನೆ ವಾಕಿಂಗು ಅಂದರು. ಅವರ ಮುಖದಲ್ಲೂ ಗೆರೆ ಬದಲಾಗಲಿಲ್ಲ. ಇವತ್ತು ಬೆಳಿಗ್ಗೆ ಫೋನು ಮಾಡಿ, ಒಂದು ಕೆಲಸ ಇದೆ, ಗಾಡಿ ತಗೊಂಡು ಬಾ ಅಂದಿದ್ದರು. ಅವಳು, "ಹತ್ತೋದಾದ್ರೆ ಸುಮ್ನೆ ಕೂತ್ಕೋಬೇಕು," ಅಂದಿದ್ದಳು.

"ಇಲ್ಲೇ ತಿರುಗು," ಅಂದರು.

"ಗೊತ್ತು."

ಗಲ್ಲಿ ಇಕ್ಕಟ್ಟಾಗಿತ್ತು. ಒಂದು ಕಡೆ ಇಟ್ಟಿಗೆ ಗೋಡೆ, ಒಂದು ಕಡೆ ಮುಚ್ಚಳ ಕಿತ್ತುಹೋದ ಚರಂಡಿ, ಕೊನೆಯಲ್ಲಿ ತಗಡಿನ ಶೆಡ್ಡು. ಶೆಡ್ಡಿನ ಪಕ್ಕದಲ್ಲಿ ಗುಡ್ಡದ ಕೆಳಗಿನ ಕೇರಿಗೆ ಇಳಿದು ಹೋಗುವ ಕಲ್ಲಿನ ಮೆಟ್ಟಿಲು. ಇದೇ ಗಲ್ಲಿಯಿಂದ ಆ ದಿನ ಹೊರಟದ್ದು. ಅವಳಿಗೆ ಹದಿನೆಂಟು ತುಂಬಿದ ಹೊಸತು, ಎಣ್ಣೆ ಹಚ್ಚಿ ಬಿಗಿದ ಜಡೆ, ಕೈಬೆರಳು ತಣ್ಣಗೆ. ಲೈಸನ್ಸ್ ಟೆಸ್ಟು. ಆಗಿನ ಪದ್ಧತಿಯಲ್ಲಿ ಕಲಿಸಿದವನು ಪಕ್ಕದಲ್ಲೇ ಕೂರಬೇಕು, ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ. ಕಲಿಸಿದವನು ತುಟಿ ಬಿಚ್ಚುವಂತಿಲ್ಲ, ತನ್ನ ಬ್ರೇಕು ಮುಟ್ಟುವಂತಿಲ್ಲ. ಮುಟ್ಟಿದರೆ ಕಲಿತವರು ಫೇಲು, ಅಲ್ಲಿಗೇ ಮುಗಿಯಿತು. ಅವಳು ಚೆನ್ನಾಗಿಯೇ ಓಡಿಸಿದಳು. ಮೇಷ್ಟ್ರಿಗೆ ಹೆಮ್ಮೆಯಿಂದ ಕುತ್ತಿಗೆ ನೆಟ್ಟಗಾಗಿತ್ತು. ಶಾಲೆಯ ತಿರುವಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಅಡ್ಡ ಬಂದ. ಅವಳು ಪಾದ ಎತ್ತಿದ್ದನ್ನು ಮೇಷ್ಟ್ರು ನೋಡಿದರು. ಪಾದ ಬ್ರೇಕಿನ ಕಡೆಗೆ ಸರಿದದ್ದನ್ನೂ ನೋಡಿದರು. ನೋಡಿಯೂ ಅವರ ಕಾಲು ಹೋಯಿತು. ಟಕ್ ಎಂದಿತು. ಸೈಕಲ್ಲಿನವನು ತನಗೇನೂ ಸಂಬಂಧವಿಲ್ಲವೆಂಬಂತೆ ಸೀಟಿಯೂದುತ್ತಾ ದಾಟಿಹೋದ. ಹಿಂದಿನಿಂದ ಇನ್‌ಸ್ಪೆಕ್ಟರು ಬೇಸರದಲ್ಲಿ, "ಮೇಷ್ಟ್ರ ಕಾಲು ಹೋಯ್ತಲ್ಲ. ಮುಂದಿನ ಸಲ ನೋಡೋಣಮ್ಮ," ಅಂದರು. ಆಗ ಹೇಳಬಹುದಿತ್ತು. ಸಾರ್, ತಪ್ಪು ನನ್ನದು, ಅವಳು ಬ್ರೇಕ್ ಹಾಕ್ತಾ ಇದ್ದಳು ಅಂತ. ನಾಲಗೆಯ ತುದಿಗೂ ಬಂದಿತ್ತು. ಊರಿಗೆಲ್ಲ ಕಲಿಸುವ ಮೇಷ್ಟ್ರು ಸ್ವಂತ ಮಗಳ ಟೆಸ್ಟಿನಲ್ಲಿ ಹೆದರಿ ತುಳಿದ ಎಂದರೆ ಏನು ಮರ್ಯಾದೆ ಉಳಿಯಿತು? ಮಗಳ ಕಡೆ ತಿರುಗಿ, "ಸೈಕಲ್ ನೋಡಲಿಲ್ಲ ನೀನು," ಅಂದರು.

ಅಲ್ಲಿಗೆ ನಿಲ್ಲಿಸಿದ್ದರೂ ಸಾಕಿತ್ತು. ಹೊಸಬರು ಅಳುಮುಖ ಮಾಡಿದಾಗಲೆಲ್ಲ, "ಹೆದರಬೇಡಿ, ನನ್ನ ಮಗಳೇ ಫೇಲು! ಹಾಲಿನವನನ್ನ ಕ್ಯಾನ್ ಸಮೇತ ಮೇಲಕ್ಕೆ ಕಳಿಸ್ತಿದ್ದಳು," ಎಂದು ನಗಿಸುವುದನ್ನು ಅಭ್ಯಾಸ ಮಾಡಿಕೊಂಡರು. ಒಂದು ಸಲ ಹಾಗೆ ನಗಿಸಿ ತಿರುಗಿದರೆ ಅವಳು ಚಹಾದ ಫ್ಲಾಸ್ಕು ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ಮುಚ್ಚಳ ಭದ್ರವಾಗಿದೆಯೋ ಎಂದು ಇನ್ನೊಮ್ಮೆ ತಿರುಗಿಸಿ ನೋಡಿ ಹೋದಳು. ಆಮೇಲೆ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಇನ್ನೊಂದು ಸಲ ಟೆಸ್ಟಿಗೆ ಹೋಗು ಅಂದರೆ, ನಂಗೆ ಕಣ್ಣು ಕಾಣಲ್ವಲ್ಲಪ್ಪಾ ಅನ್ನುತ್ತಿದ್ದಳು. ಓದಿದಳು, ಲ್ಯಾಬು ಸೇರಿದಳು, ಮದುವೆಯಾದಳು, ಇಬ್ಬರು ಮಕ್ಕಳಾದರು. ಎಲ್ಲ ಕಡೆಗೂ ಬಸ್ಸಿನಲ್ಲಿ ಹೋದಳು.

ಕಾರು ಶೆಡ್ಡಿನ ಮುಂದೆ ನಿಂತಿತು. ಮೇಷ್ಟ್ರು ಇಳಿದು ಬೀಗ ತೆಗೆದರು. ಒಳಗೆ ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಮಾಸಿದ ಪಟ, ಮೇಜು, ತೊಳೆದು ಒರೆಸಿದ ಕುರ್ಚಿ, ಹಿಂದೆ ಗಾಳಿ ಇಳಿದ ಟೈರುಗಳ ಮೇಲೆ ಕುಕ್ಕರಿಸಿ ಕೂತ ಹಳೇ ಗಾಡಿ. ಗೋಡೆಗೆ ಒರಗಿಸಿದ್ದ ಹೊಸ ಬೋರ್ಡಿನ ಹಸಿ ಬಣ್ಣದಿಂದ ಇನ್ನೂ ಟರ್ಪೆಂಟೈನಿನ ವಾಸನೆ. ಸ್ಕೂಲಿನ ಹೆಸರಿನ ಕೆಳಗೆ ಮಾಲೀಕರು ಎಂದು ಬರೆಸಿ ಮಗಳ ಹೆಸರು ಹಾಕಿಸಿದ್ದರು, ಮನೆಯಲ್ಲಿ ಕರೆಯುವ ಪುಟ್ಟಿ ಅಲ್ಲ, ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಉದ್ದನೆಯ ಹೆಸರು. ಅವಳು ಅದನ್ನು ನೋಡುವಾಗ ಮೇಷ್ಟ್ರು ಅವಳ ಮುಖವನ್ನೇ ನೋಡುತ್ತಾ ನಿಂತರು, ಪರೀಕ್ಷೆ ಬರೆದು ಮುಗಿಸಿದ ಹುಡುಗನ ಹಾಗೆ.

"ನನ್ನ ಹೆಸರು ಬರೆಸೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ?"

"ಹೆಸರಿಟ್ಟಾಗಲೂ ಕೇಳಿರಲಿಲ್ಲ ಕಣೇ."

ಅವಳಿಗೆ ನಗು ಬಂತು. ತಡೆದುಕೊಂಡರೂ ಬಂತು. ಮೇಷ್ಟ್ರು ಆ ನಗುವನ್ನು ಒಪ್ಪಿಗೆ ಅಂದುಕೊಂಡು ಬೀಗದ ಕೈಯನ್ನು ಅವಳ ಮುಂದೆ ಚಾಚಿದರು. "ಗಾಡಿಗೆ ಟೈರು ಹಾಕಿಸಿದ್ರೆ ಆಯ್ತು. ಹೆಂಗಸರು ಈಗ ಹೆಂಗಸರ ಹತ್ರವೇ ಕಲೀಬೇಕು ಅಂತಾರಂತೆ. ನಾನು ಸುಮ್ನೆ ಇಲ್ಲಿ ಮೂಲೇಲಿ ಕೂತಿರ್ತೀನಿ. ಬಾಯೇ ಬಿಡಲ್ಲ."

"ಇಲ್ಲ ಅಪ್ಪಾ."

"ಏನು ಇಲ್ಲ? ಬಾಯಿ ಬಿಡಲ್ಲ ಅಂದ್ನಲ್ಲ."

"ನಂಗೆ ಬೇಡ. ನಂಗೆ ನನ್ನ ಕೆಲಸ ಇಷ್ಟ. ಬೆಳಿಗ್ಗೆ ಎದ್ದು ಖಾಲಿ ರಸ್ತೇಲಿ ಒಬ್ಬಳೇ ಹೋಗ್ತೀನಿ. ಪಕ್ಕದ ಸೀಟಲ್ಲಿ ಸೂಜಿ ಡಬ್ಬಿ. ಅದು ಮಾತಾಡಲ್ಲ, ಒದೆಯಲ್ಲ."

"ಮನೆಮನೆಗೆ ಹೋಗಿ ಮುದುಕರ ರಕ್ತ ಹೀರೋದು ಒಂದು ಕೆಲಸಾನಾ?"

"ನೀವು ಊರಿನವರ ಜೀವ ಹಿಂಡಿದ್ರಲ್ಲ, ಅದು ಕೆಲಸಾನಾ?"

"ಹೊಟ್ಟೆಗೆ ಹಾಕಿದ್ದು ಅದೇ ಕೆಲಸ!" ಮೇಷ್ಟ್ರ ಧ್ವನಿ ತಗಡಿಗೆ ಬಡಿದು ವಾಪಸು ಬಂತು. "ಯಾರಿಗೆ ಅಂತ ಇಟ್ಕೊಂಡೆ ಇದನ್ನೆಲ್ಲ? ಗುಜರಿಯವನು ಎಷ್ಟು ಸಲ ಬಂದು ಕೇಳಿದ! ನಿಂಗೆ ಅಂತ, ಪುಟ್ಟೀ, ನಿಂಗೆ ಅಂತ ಇಟ್ಟೆ!"

"ನಾನು ಇಡಿ ಅಂದಿರಲಿಲ್ಲ."

ನಿಜವೇ. ಅವಳು ಯಾವತ್ತೂ ಏನನ್ನೂ ಕೇಳಿರಲಿಲ್ಲ. ಮೇಷ್ಟ್ರು ಚಾಚಿದ ಕೈ ಹಾಗೇ ಇತ್ತು. ಹಿಂದಕ್ಕೆ ತೆಗೆದುಕೊಂಡರೆ ಸೋತ ಹಾಗೆ, ಇಟ್ಟುಕೊಂಡರೆ ಭಿಕ್ಷೆ ಬೇಡಿದ ಹಾಗೆ. ಕೊನೆಗೆ ಬೆವರು ಒರೆಸಿಕೊಳ್ಳುವವರಂತೆ ಆ ಕೈಯಿಂದಲೇ ಹಣೆ ಒರೆಸಿಕೊಂಡರು. ಬೀಗದ ಕೈ ಹುಬ್ಬಿಗೆ ತಾಗಿ ಉರಿಯಿತು. ಮಗಳು ಅದನ್ನು ನೋಡಿದಳು. ನೋಡಿ, ನೋಡದವಳಂತೆ ಹಳೇ ಗಾಡಿಯ ಕಡೆಗೆ ಹೋದಳು. ತುಕ್ಕು ಹಿಡಿದ ಬಾಗಿಲನ್ನು ಎರಡೂ ಕೈಯಿಂದ ಎಳೆದು ಒಳಗೆ ಕೂತಳು, ಸ್ಟೇರಿಂಗಿನ ಮುಂದೆ ಅಲ್ಲ, ಮೇಷ್ಟ್ರ ಸೀಟಿನಲ್ಲಿ. ಆ ಸೀಟಿನಲ್ಲಿ ಬೇರೆಯವರು ಕೂತದ್ದನ್ನು ಮೇಷ್ಟ್ರು ನೋಡಿಯೇ ಇರಲಿಲ್ಲ. ಸ್ಪಂಜು ತಮ್ಮ ಮೈಗೆ ಹೊಂದಿ ತಗ್ಗಾಗಿತ್ತು. ಅದರಲ್ಲಿ ಅವಳು ಚಿಕ್ಕವಳಾಗಿ ಕಂಡಳು. ಅವಳು ಕಾಲು ಚಾಚಿ ಬ್ರೇಕು ತುಳಿದಳು. ಟಕ್. ಬಿಟ್ಟಳು. ಮತ್ತೆ ತುಳಿದಳು.

"ಇಲ್ಲಿ ಬನ್ನಿ. ಆ ಕಡೆಯ ಪೆಡಲ್ ನೋಡಿ," ಅಂದಳು. ಸಿಟ್ಟಿರಲಿಲ್ಲ. ರಕ್ತ ತೆಗೆಯುವ ಮೊದಲು, ಮುಷ್ಟಿ ಬಿಗಿ ಹಿಡೀರಿ, ಈಗ ಬಿಡಿ ಅನ್ನುವ ಧ್ವನಿ ಅದು. ಮೇಷ್ಟ್ರ ತೋಳಿನಿಂದಲೂ ಅವಳು ರಕ್ತ ತೆಗೆದಿದ್ದಳು. "ನಾನಿಲ್ಲಿ ತುಳಿದ್ರೆ ಅದು ತಾನಾಗೇ ಕೆಳಗೆ ಹೋಗುತ್ತೆ ಅಲ್ವಾ?"

"ಕೇಬಲ್ ಒಂದೇ ಅಲ್ವೇನೇ. ಹೋಗಲೇಬೇಕು."

"ಅವತ್ತು ನನ್ನ ಕಾಲು ಅದರ ಮೇಲಿತ್ತು ಅಪ್ಪಾ. ಒತ್ತೋಕೆ ಹೊರಟೆ. ಅಷ್ಟರಲ್ಲಿ ನನ್ನ ಪಾದದ ಕೆಳಗಿಂದ ಅದು ಜಾರಿ ಹೋಯ್ತು. ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟಾಗ ಮೆಟ್ಟಿಲೇ ಇರಲ್ವಲ್ಲ, ಹಾಗೆ."

ಮೇಷ್ಟ್ರು ಆ ಪೆಡಲನ್ನೇ ನೋಡಿದರು. ಕೇಬಲ್ ಕಟ್ಟಿದವರು ತಾವೇ. ಪ್ರತಿ ವರ್ಷ ಅದಕ್ಕೆ ಎಣ್ಣೆ ಬಿಟ್ಟವರು ತಾವೇ. ಒಂದು ತುಳಿದರೆ ಇನ್ನೊಂದು ಇಳಿಯುತ್ತದೆ ಎಂದು ಸಾವಿರ ಜನಕ್ಕೆ ಹೇಳಿಕೊಟ್ಟಿದ್ದರು. ಆದರೂ ಅವತ್ತು ತಪ್ಪಿದ್ದು ತಮ್ಮ ಕಾಲು ಎಂಬುದು ತಮ್ಮೊಬ್ಬರಿಗೇ ಗೊತ್ತಿರುವ ಗುಟ್ಟು ಎಂದುಕೊಂಡು ಇಷ್ಟು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡು ತಿರುಗಿದ್ದರಲ್ಲ, ಅದು ಟಕ್ ಅಂದ ಕ್ಷಣದಲ್ಲೇ ಅವಳ ಅಂಗಾಲಿಗೆ ಮುಟ್ಟಿತ್ತು. ಸೈಕಲ್ ನೋಡಲಿಲ್ಲ ನೀನು ಎಂದಾಗ ಅವಳು ತಮ್ಮ ಕಣ್ಣನ್ನೇ ನೋಡುತ್ತಿದ್ದಳು. ಫ್ಲಾಸ್ಕಿನ ಮುಚ್ಚಳ ತಿರುಗಿಸುವಾಗ ಅವಳಿಗೆ ಗೊತ್ತಿತ್ತು. ನಂಗೆ ಕಣ್ಣು ಕಾಣಲ್ವಲ್ಲಪ್ಪಾ ಅನ್ನುವಾಗಲೂ ಗೊತ್ತಿತ್ತು.

"ನೀವು ಹೇಳ್ತೀರಿ ಅಂತ ಕಾದೆ," ಅಂದಳು. "ಅವತ್ತು ಊಟದ ಹೊತ್ತಿಗೆ ಹೇಳ್ತೀರಿ ಅಂದ್ಕೊಂಡೆ. ಮದುವೆ ಆಗಿ ಹೊರಟಾಗ ಹೇಳ್ತೀರಿ ಅಂದ್ಕೊಂಡೆ. ಪುಟ್ಟೀ, ನನ್ನ ಕಾಲಿಂದ ತಪ್ಪಾಯ್ತು ಅಂತ, ಅಷ್ಟೇ. ನಿಮಗೆ ನನ್ನಿಂದ ಸ್ಕೂಲು ಬೇಕಿತ್ತು. ನಂಗೆ ನಿಮ್ಮಿಂದ ಅದೊಂದು ಮಾತು ಬೇಕಿತ್ತು. ಗಾಡಿ ಕಲಿತ ಮೇಲೆ ಕಾಯೋದನ್ನ ಬಿಟ್ಬಿಟ್ಟೆ. ಈಗ ಹೇಳೋಕೆ ಹೋಗಬೇಡಿ. ನಿಜವಾಗ್ಲೂ ಬೇಡ."

ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿತು. ಮೇಷ್ಟ್ರ ಹತ್ತಿರ ಮಾತು ಇತ್ತು, ಹೊಸದಾಗಿ ಹುಡುಕುವಂಥದ್ದೇನಲ್ಲ, ನಾಲಗೆ ತುದಿಯಲ್ಲೇ ಮುದಿಯಾದ ಮಾತು. ಬೇಡ ಎಂದಳು ಎಂಬುದೇ ಒಂದು ನೆಪವಾಗಬಾರದು, ಬೇಡ ಅಂದರೂ ಹೇಳಬೇಕು ಎಂದು ಎದೆಯೊಳಗೆ ಯಾರೋ ಗುದ್ದಿದರು. ಅವರು ಬಾಗಿಲ ಅಂಚು ಹಿಡಿದು ಬಗ್ಗಿದರು. "ಅವತ್ತು..." ಎಂದರು. ಅವಳು ತಲೆಯೆತ್ತಿದಳು. ಆ ಮುಖದಲ್ಲಿ ನಿರೀಕ್ಷೆ ಇದ್ದಿದ್ದರೆ ಹೇಳಿಬಿಡುತ್ತಿದ್ದರೇನೋ. ಇರಲಿಲ್ಲ. ದೊಡ್ಡವರು ಮಾತಾಡುವಾಗ ಕೇಳಿಸಿಕೊಳ್ಳಬೇಕಾದ ಮರ್ಯಾದೆ ಮಾತ್ರ ಇತ್ತು.

"ನಿನ್ನ ಗಾಡಿ ಕನ್ನಡಿ ಮೇಲಕ್ಕೆ ಎತ್ತಿದೀಯ," ಅಂದರು ಮೇಷ್ಟ್ರು. "ಸ್ವಲ್ಪ ಇಳಿಸ್ಕೋ."

"ಸರಿ," ಅಂದಳು ಅವಳು, ಏನನ್ನೋ ಮುಗಿಸಿದ ಹಾಗೆ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಬಂದೇ ಅಜ್ಜಿ, ಹತ್ತಿರದಲ್ಲೇ ಇದೀನಿ, ಏನೂ ತಿನ್ನಬೇಡಿ, ನೀರು ಕುಡೀರಿ ಪರವಾಗಿಲ್ಲ ಎಂದು ಹೇಳುತ್ತಲೇ ಹಳೇ ಗಾಡಿಯಿಂದ ಇಳಿದು, ಲಂಗದ ಹುಡುಗಿಯಂತೆ ಕುಂಡಿಯ ಧೂಳು ಕೊಡವಿಕೊಂಡಳು. "ಪಾಪ, ಹಸ್ಕೊಂಡು ಕೂತಿದಾರೆ. ಬನ್ನಿ ಅಪ್ಪಾ, ದಾರೀಲಿ ಮನೆ ಹತ್ರ ಇಳಿಸ್ತೀನಿ." ಅಷ್ಟು ಜಗಳವಾದ ಮೇಲೂ ಇಳಿಸುತ್ತೇನೆ ಅನ್ನುತ್ತಾಳೆ. ಯಾರದೋ ಅಜ್ಜಿಗೆ ಎಷ್ಟು ಮೆತ್ತಗೆ ಹೇಳಿದಳೋ ಅಷ್ಟೇ ಮೆತ್ತಗೆ ಹೇಳಿದಳು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ.

ಗಲ್ಲಿಯಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ. ರಸ್ತೆಯವರೆಗೂ ರಿವರ್ಸಿನಲ್ಲೇ ಹೋಗಬೇಕು. ಅವಳು ಕೂತು ಎಂಜಿನ್ ಶುರುಮಾಡಿದಳು. ಮೇಷ್ಟ್ರು ಹತ್ತಲಿಲ್ಲ. ಅಭ್ಯಾಸದಂತೆ ಗಾಡಿಯ ಹಿಂದಕ್ಕೆ ಹೋಗಿ ಗಲ್ಲಿಯ ನಡುವೆ ನಿಂತು ಕೈಯೆತ್ತಿದರು. "ಬರ್ಲಿ... ಬರ್ಲಿ... ಗೋಡೆ ಕಡೆ ಒಂದು ಚೂರು... ಹಾಂ." ಗಾಡಿ ಬಂತು. ಚರಂಡಿಯ ಹತ್ತಿರ ಬಂದಾಗ ಅವರು ಅಂಗೈ ಅಡ್ಡ ಹಿಡಿದರು, ನಿಂತಿತು. ಮತ್ತೆ ಬೀಸಿದರು, ಬಂತು. ಕನ್ನಡಿಯಲ್ಲಿ ಅವಳ ಕಣ್ಣು ಕಂಡಿತು. ರಸ್ತೆಯನ್ನು ನೋಡುತ್ತಿರಲಿಲ್ಲ, ಚರಂಡಿಯನ್ನೂ ನೋಡುತ್ತಿರಲಿಲ್ಲ. ಅವರ ಕೈಯನ್ನು ನೋಡುತ್ತಿದ್ದಳು. ಹದಿನೆಂಟರ ಅದೇ ಕಣ್ಣು. ಇಷ್ಟು ಹೊತ್ತು ಬಸ್ಸುಗಳ ನಡುವೆ ಅಷ್ಟು ಸಲೀಸಾಗಿ ಬಂದವಳು ಈಗ ಗೇಣು ಗೇಣಿಗೂ ನಿಲ್ಲುತ್ತಿದ್ದಳು. ತಾವು ಅಲ್ಲಿ ನಿಂತಿರುವಷ್ಟು ಹೊತ್ತು ಅವಳು ಕೈಯನ್ನೇ ನೋಡುತ್ತಾಳೆ ಎಂದು ಮೇಷ್ಟ್ರಿಗೆ ಹೊಳೆಯಿತು. ಅದು ಸಂತೋಷ ಕೊಟ್ಟಿತು. ಕೊಟ್ಟಿತಲ್ಲ ಎಂದು ನಾಚಿಕೆಯಾಯಿತು.

ಕೈ ಇಳಿಸಿದರು. ಗೋಡೆಯ ಪಕ್ಕಕ್ಕೆ ಸರಿದು, ಗಾಡಿಗೆ ಮೈ ತಾಗದಂತೆ ಒತ್ತಿಕೊಂಡು, ಅವಳ ಕಿಟಕಿಯಲ್ಲದ ಬದಿಯಿಂದ ಮುಂದಕ್ಕೆ ನಡೆದು ಶೆಡ್ಡಿನ ಕಡೆಗೆ ಬಂದರು. ಬಾಗಿಲು ತೆರೆದೇ ಇತ್ತು. ಬೀಗದ ಕೈಯನ್ನು ಬೀಗದಲ್ಲೇ ಸಿಕ್ಕಿಸಿ ಚಿಲಕಕ್ಕೆ ನೇತುಹಾಕಿದರು. ಗುಜರಿಯವನು ಬಂದರೆ ಬರಲಿ. ಬೋರ್ಡಿನ ಮೇಲಿನ ಹೆಸರು ಬೆಳಕಿಗೆ ಮಿನುಗುತ್ತಿತ್ತು, ಇನ್ನೂ ಪೂರ್ತಿ ಒಣಗಿರಲಿಲ್ಲ. ಪಕ್ಕದ ಕಲ್ಲಿನ ಮೆಟ್ಟಿಲು ಇಳಿಯತೊಡಗಿದರು.

"ಅಪ್ಪಾ? ಎಲ್ಲಿ ಹೋದ್ರಿ? ಬರ್ಲಾ?"

ಮೇಷ್ಟ್ರು ಇನ್ನೊಂದು ಮೆಟ್ಟಿಲು ಇಳಿದರು. ಇದು ಮಗಳಿಗಾಗಿ ಮಾಡಿದ್ದೋ, ಹೇಳಬೇಕಾದ ಮಾತಿನಿಂದ ಓಡಿಹೋಗುತ್ತಿರುವುದೋ ಎಂದು ಅವರಿಗೇ ತಿಳಿಯಲಿಲ್ಲ. ಎರಡೂ ಇರಬಹುದು. ಹಾರ್ನ್ ಒಂದು ಸಲ ಕೂಗಿತು. ಅವರ ಶಿಷ್ಯನ ಶಿಷ್ಯೆ, ಬೇರೇನು ಮಾಡುತ್ತಾಳೆ ಅನ್ನಿಸಿ ತುಟಿ ಸ್ವಲ್ಪ ಅಗಲವಾಯಿತು. ಇನ್ನೊಂದು ಸಲ ಕೂಗಿತು, ಉದ್ದಕ್ಕೆ. ಮೇಷ್ಟ್ರು ಮೆಟ್ಟಿಲ ನಡುವೆ ನಿಂತರು. ಬಲಗಾಲು ಮುಂದಿನ ಕಲ್ಲನ್ನು ಒತ್ತಿ ಹಿಡಿದಿತ್ತು, ಮೀನಖಂಡ ಬಿಗಿದಿತ್ತು. ಮೂರನೆಯ ಸಲ ಕೂಗಿದರೆ ಹತ್ತಿ ಹೋಗುತ್ತೇನೆ, ಹೋಗಿ ಕಿಟಕಿಯಲ್ಲಿ ಬಗ್ಗಿ ಅದೊಂದನ್ನು ಹೇಳಿಬಿಡುತ್ತೇನೆ ಎಂದುಕೊಂಡರು. ಕಿವಿಗೊಟ್ಟು ನಿಂತರು.

ಹಾರ್ನ್ ಕೂಗಲಿಲ್ಲ. ಎಂಜಿನ್ನಿನ ದನಿ ಮೆಲ್ಲಗೆ ಏರಿತು, ಎಲ್ಲೂ ತಡವರಿಸದೆ, ಗೋಡೆಗೆ ತಾಗದೆ, ಚರಂಡಿಗೆ ಇಳಿಯದೆ ಗಲ್ಲಿಯ ಉದ್ದಕ್ಕೂ ಹಿಂದಕ್ಕೆ ಹಿಂದಕ್ಕೆ ಹೋಯಿತು. ರಸ್ತೆ ಮುಟ್ಟಿದಾಗ ಒಂದು ಕ್ಷಣ ನಿಂತಿತು. ಯಾರೂ ಸನ್ನೆ ಮಾಡದೆ, ತಾನಾಗಿ. ಆಮೇಲೆ ಮೊದಲ ಗೇರಿಗೆ ಬಿದ್ದ ಸದ್ದು, ಎರಡನೆಯ ಗೇರಿನದು. ಮೂರನೆಯದು ಕೇಳಿಸುವಷ್ಟರಲ್ಲಿ ಬೇರೆ ಗಾಡಿಗಳ ಸದ್ದಿನಲ್ಲಿ ಸೇರಿಹೋಯಿತು.

ಮೇಷ್ಟ್ರು ಮೇಲಕ್ಕೆ ನೋಡಲಿಲ್ಲ. ಕಲ್ಲಿನ ಮೇಲಿಂದ ಕಾಲು ಎತ್ತಿದರು. ಕೆಳಗಿನ ಮೆಟ್ಟಿಲು ಇದೆಯೋ ಇಲ್ಲವೋ ಎಂದು ಒಂದು ಸಲ ತಡವಿ, ಇಳಿದು ಹೋದರು.